ಚಟಾಕಿಗೆ ಎಷ್ಟು ಚಟಾಕು

ಲಾಲಸಾಬರು ಎಣಿಸುವಾಗ ಎಂದೂ ‘ಒಂದು’ ಎಂದವರಲ್ಲ. ಮೊದಲನೆಯದು ಯಾವಾಗಲೂ ‘ಲಾಭ’. ಆಮೇಲೆ ಎರಡು, ಮೂರು, ನಾಲ್ಕು. ಕಾಳು ಅಳೆಯುವವರು ರಾಶಿಯ ಮುಂದೆ ಹೀಗೆ ಎಣಿಸುವುದು ನಮ್ಮ ಕಡೆಯ ರೂಢಿಯೇ. ಆದರೆ ಲಾಲಸಾಬರು ಆ ರೂಢಿಯನ್ನು ರಾಶಿಯ ಹತ್ತಿರ ಬಿಟ್ಟು ಬರುತ್ತಿರಲಿಲ್ಲ. ಜ್ವರದ ಗುಳಿಗೆಯನ್ನೂ “ಲಾಭ, ಎರಡು” ಎಂದು ಎಣಿಸಿಯೇ ನುಂಗುತ್ತಿದ್ದರು. ಮಕ್ಕಳೆಷ್ಟು ಎಂದು ಯಾರಾದರೂ ಕೇಳಿದರೆ “ಲಾಭರೀ” ಎನ್ನುತ್ತಿದ್ದರು. ಅವರಿಗಿದ್ದದ್ದು ಒಬ್ಬಳೇ ಮಗಳು. ಹೊಸಬರು ಆ ಉತ್ತರ ಕೇಳಿ, ಮಗಳ ಮೇಲೆ ಎಂಥ ಅಕ್ಕರೆ ಎಂದು ಮೆಚ್ಚಿಕೊಂಡು ಹೋಗುತ್ತಿದ್ದರು.

ನಾನು ರಾಯಚೂರಿನವನು. ಎಪ್ಪತ್ತರ ದಶಕದ ಕೊನೆಯಲ್ಲಿ ಮಾನ್ವಿಯ ದನದ ದವಾಖಾನೆಗೆ ಕಂಪೌಂಡರ್ ಆಗಿ ಹೋದಾಗ ಇವರ ಪರಿಚಯವಾಯಿತು. ಬಸಲಿಂಗಪ್ಪ ಸಾಹುಕಾರರ ಕಾಳಿನ ಅಂಗಡಿಯಲ್ಲಿ ಅಳೆಯುವ ಕೆಲಸ ಅವರದು. ಕಿಲೋ ಬಂದು ಎಷ್ಟೋ ವರ್ಷಗಳಾಗಿದ್ದವು. ಸರಕಾರದ ಮುದ್ರೆ ಬಿದ್ದ ತೂಕದ ಕಲ್ಲುಗಳು ಅಂಗಡಿಯ ಮೂಲೆಯಲ್ಲಿ ಅಳಿಯನ ಹಾಗೆ ಮರ್ಯಾದೆಯಿಂದ ಕೂತಿರುತ್ತಿದ್ದವು. ಕೆಲಸ ಮಾಡುತ್ತಿದ್ದದ್ದು ಮಾತ್ರ ಲಾಲಸಾಬರ ಸೇರು, ಪಾವು, ಚಟಾಕು. ನಾಲ್ಕು ಚಟಾಕಿಗೆ ಒಂದು ಪಾವು, ನಾಲ್ಕು ಪಾವಿಗೆ ಒಂದು ಸೇರು. ಹಳ್ಳಿಯಿಂದ ಬಂದ ಹೆಂಗಸರು ಬೇರೆಯವರ ಹತ್ತಿರ ಅಳೆಸಿಕೊಳ್ಳದೆ, ಲಾಲಸಾಬರು ನಮಾಜು ಮುಗಿಸಿ ಬರುವವರೆಗೂ ಕಟ್ಟೆಯ ಮೇಲೆ ಕಾಯುತ್ತಿದ್ದರು. ಕೇಳಿದರೆ, “ಆ ಯಪ್ಪನ ಕೈ ಚಲೋ ಅದರೀ” ಎನ್ನುತ್ತಿದ್ದರು. ಕೈಯಲ್ಲಿ ಚಲೋ ಯಾವುದು, ಕೆಟ್ಟದ್ದು ಯಾವುದು ಎಂಬುದು ಆಗ ನನಗೆ ತಿಳಿಯಲಿಲ್ಲ.

ಅವರ ನಾಯಿಯ ಹೆಸರು ಚಟಾಕು. ಅಂಗಡಿಯ ಖಾಲಿ ಚೀಲವೊಂದರಲ್ಲಿ ಸಿಕ್ಕಾಗ ಅದು ಅಷ್ಟೇ ಇತ್ತಂತೆ. ನಾನು ನೋಡುವ ಹೊತ್ತಿಗೆ ಅದು ಜೋಳದ ಅರ್ಧ ಚೀಲದಷ್ಟಾಗಿ ಅಂಗಡಿಯ ಮೆಟ್ಟಿಲಿಗೆ ಅಡ್ಡ ಮಲಗಿರುತ್ತಿತ್ತು. ಗಿರಾಕಿಗಳು ಅದನ್ನು ದಾಟಿಕೊಂಡು ಒಳಗೆ ಹೋಗಬೇಕು. ಅದರ ಹೆಸರು ಕೂಗಿದಾಗಲೆಲ್ಲ ಬಜಾರಿಗೆ ಬಜಾರೇ ನಗುತ್ತಿತ್ತು. ಒಂದು ದಿನ ಅದಕ್ಕೆ ಏದುಸಿರು ಹತ್ತಿತು. ನಾಲ್ಕು ಜನ ಹಮಾಲರು ಗೋಣಿತಟ್ಟಿನ ನಾಲ್ಕು ಮೂಲೆ ಹಿಡಿದು, ನಡುವೆ ಚಟಾಕನ್ನು ಮಲಗಿಸಿಕೊಂಡು ದವಾಖಾನೆಗೆ ಬಂದರು. ಹಿಂದೆ ಲಾಲಸಾಬರು ಟೋಪಿ ಕೈಯಲ್ಲಿ ಹಿಡಿದು ಬರುತ್ತಿದ್ದದ್ದನ್ನು ನೋಡಿ ನಾನು ಏನೇನೋ ತಿಳಿದುಕೊಂಡು ಎದ್ದು ನಿಂತೆ.

ನಮ್ಮ ಡಾಕ್ಟರು ನಾಯಿಯ ಎದೆ ನೋಡಿದರು, ಹೊಟ್ಟೆ ನೋಡಿದರು. “ರೋಗ ಏನೂ ಇಲ್ಲ, ಕೊಬ್ಬು. ಹಾಲು, ಅನ್ನ, ಮಾಂಸ ಎಲ್ಲ ಬಂದ್. ಜೋಳದ ಖಡಕ್ ರೊಟ್ಟಿ ಮುರಿದು ಮುಂಜಾನೆ ಮೂರು ಚಟಾಕು, ಸಂಜಿಗೆ ಮೂರು ಚಟಾಕು ಹಾಕ್ರಿ. ಹೆಚ್ಚು ಹಾಕಿದರ ನಾಯಿ ಉಳಿಯಂಗಿಲ್ಲ” ಎಂದು ಕೈ ತೊಳೆಯಲು ಎದ್ದರು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

“ಡಾಕ್ಟರ್ ಸಾಬ್, ಚೂರು ಎಷ್ಟೆಷ್ಟು ದೊಡ್ಡದಿರಬೇಕ್ರಿ?” ಎಂದರು ಲಾಲಸಾಬರು.

“ಎಷ್ಟಾದರೂ ಇರಲಿ.”

“ಹಂಗಂದ್ರ ಹ್ಯಾಂಗ್ರಿ? ಚೂರು ದೊಡ್ಡದಾದ್ರ ನಡುವ ಗಾಳಿ ಕುಂದ್ರತದ. ಗಾಳಿ ಅಳದಂಗ ಆಗತದ. ಸಣ್ಣದಾದ್ರ ಒತ್ತಿ ಕುಂತು ಹೆಚ್ಚಿಗಿ ಹಿಡಿತದ. ಜ್ವಾಳದಷ್ಟೋ, ಕಡ್ಲಿಯಷ್ಟೋ, ಶೇಂಗಾದಷ್ಟೋ?”

ಡಾಕ್ಟರು ಕಡಲೆ ಎಂದರು. ಗೋಪುರ ಕಟ್ಟಿ ಅಳೆಯಬೇಕೋ, ಮೇಲೆ ಕೈಯಿಂದ ಸವರಿ ಸಮ ಮಾಡಬೇಕೋ ಎಂದು ಲಾಲಸಾಬರು ಕೇಳಿದರು. ಸವರಿ ಎಂದರು. ಅಂದು ಒಣಗಿಸಿದ ರೊಟ್ಟಿಯೋ, ಎಂಟು ದಿನದ್ದೋ? ಹೊಸದರಲ್ಲಿ ಪಸೆ ಇರುತ್ತದೆ, ತೂಕ ಬೇರೆಯಾಗುತ್ತದೆ. ಡಾಕ್ಟರು ಒದ್ದೆ ಕೈಯಲ್ಲೇ ನನ್ನ ಕಡೆ ತೋರಿಸಿ, “ಉಳಿದಿದ್ದು ಕಂಪೌಂಡರು ಹೇಳ್ತಾರ” ಎಂದು ಒಳಗೆ ಹೋಗಿಬಿಟ್ಟರು. ಹೀಗೆ ಚಟಾಕಿನ ಊಟದ ಜವಾಬ್ದಾರಿ ನನ್ನ ಕೊರಳಿಗೆ ಬಿತ್ತು. ದನಗಳಿಗೆ ಸೂಜಿ ಚುಚ್ಚುವುದು ಬಿಟ್ಟು ಬೇರೆ ಏನೂ ಸರಿಯಾಗಿ ಬಾರದ ನಾನು, ಎಂಟು ದಿನದ ರೊಟ್ಟಿಯೇ ಒಳ್ಳೆಯದು ಎಂದು ಗಂಭೀರವಾಗಿ ಹೇಳಿದೆ.

ಲಾಲಸಾಬರು ಮನೆಯಲ್ಲಿ ಜರಡಿ ತಂದಿಟ್ಟರು. ರೊಟ್ಟಿ ಮುರಿದು, ಜರಡಿ ಹಿಡಿದು, ಕಡಲೆಯಷ್ಟು ಚೂರುಗಳನ್ನು ಒಂದು ಡಬ್ಬಿಯಲ್ಲಿ ತುಂಬಿದರು. ಮುಂಜಾನೆ ಅಂಗಡಿಗೆ ಹೋಗುವ ಮುಂಚೆ ತಾವೇ ಅಳೆದು ಹಾಕುವುದು, ಸಂಜೆ ಹೆಂಡತಿ ಹುಸೇನಬಿ ಹಾಕುವುದು ಎಂದು ಠರಾವಾಯಿತು. ಪ್ರತಿ ಸಂತೆಯ ದಿನ ಅಂಗಡಿಯ ಕಾಟಾದ ಮೇಲೆ ಚಟಾಕಿನ ತೂಕ. ಮೊದಲ ಸಂತೆಗೆ ಅದು ನಲವತ್ತೆರಡು ಕಿಲೋ. ಎರಡನೆಯದಕ್ಕೆ ನಲವತ್ತೆರಡೂವರೆ. ಮೂರನೆಯ ಸಂತೆಗೆ ಹಮಾಲರು ಅದನ್ನು ಎತ್ತಲು ಬಂದಾಗ ಅವರ ಮುಖ ನೋಡಿಯೇ ನನಗೆ ಗೊತ್ತಾಯಿತು. ನಲವತ್ತಮೂರು.

ಬಸಲಿಂಗಪ್ಪ ಸಾಹುಕಾರರು ಕೆಟ್ಟವರಲ್ಲ. ವಿಭೂತಿ ಹಚ್ಚಿಕೊಂಡು ಗಾದಿಯ ಮೇಲೆ ಕೂತರೆ ಸಂಜೆಯವರೆಗೆ ಎಲ್ಲರನ್ನೂ ಚೇಷ್ಟೆ ಮಾಡುತ್ತಿರುವ ಮನುಷ್ಯ. “ಏನ್ ಲಾಲಸಾಬ್, ನಿನ್ನ ಚಟಾಕ ದೊಡ್ಡದಾತೋ, ನಾಯಿ ಹೊಟ್ಟಿ ದೊಡ್ಡದಾತೋ?” ಎಂದರು. ಎಲ್ಲರೂ ನಕ್ಕರು. ಆಮೇಲೆ ಅವರೇ ಸ್ವಲ್ಪ ಯೋಚಿಸಿದಂತೆ ಕಂಡಿತು. “ಅಲ್ಲ, ನಾಯಿಗಿ ಮೂರು ಅಂತ ಅಳದದ್ದು ಮೂರು ಇಲ್ಲಂದ್ರ, ನನ್ನ ರಾಶ್ಯಾಗ ಸೇರಂತ ಅಳದದ್ದು ಸೇರ ಅದ ಅಂತ ಹ್ಯಾಂಗ ನಂಬಲಿ?” ಎಂದರು. ಈ ಸಲ ಯಾರೂ ನಗಲಿಲ್ಲ.

ಲಾಲಸಾಬರ ಕಿವಿ ಕೆಂಪಾಯಿತು. “ಸಾವ್ಕಾರ, ಮುಂದಿನ ಸಂತಿಗಿ ನಾಯಿ ಇಳಿಲಿಲ್ಲಂದ್ರ ಸೇರು ನಿಮ್ಮ ಗಾದಿ ಮುಂದ ಇಟ್ಟು ಹೋಗ್ತೀನಿ. ಮತ್ತ ಮುಟ್ಟಂಗಿಲ್ಲ.”

ಮೂವತ್ತು ವರ್ಷ ಹಿಡಿದ ಸೇರು ಅದು. ಬೇರೆ ಕೆಲಸ ಅವರಿಗೆ ಬರುತ್ತಿರಲಿಲ್ಲ. ನಾಯಿಯ ಹೊಟ್ಟೆಗೆ ಮನುಷ್ಯನ ಮಾನ ಕಟ್ಟಿಬಿಟ್ಟರಲ್ಲ ಎಂದು ನನಗೆ ಸಿಟ್ಟೂ ಬಂತು, ಭಯವೂ ಆಯಿತು. ಎಂಟು ದಿನದ ರೊಟ್ಟಿ ಎಂದು ಸಲಹೆ ಕೊಟ್ಟವನು ನಾನೇ ತಾನೆ?

ಸಂತೆಯ ಹಿಂದಿನ ದಿನ ಮುಂಜಾನೆ ಅವರ ಮನೆಗೆ ಹೋದೆ. “ಬರ್ರಿ, ನೋಡ್ರಿ, ಎಲ್ಲಿ ತಪ್ಪಾಗಾಕತ್ತದ ಹೇಳ್ರಿ” ಎಂದು ಲಾಲಸಾಬರು ಡಬ್ಬಿಯ ಮುಂದೆ ಕೂತರು. ಚಟಾಕು ಎದುರಿಗೆ ನಾಲಿಗೆ ಚಾಚಿ ಕೂತಿತು. ಲಾಲಸಾಬರು ಚಟಾಕಿನ ಮಾಪು ತುಂಬಿ, ಕೈಯಿಂದ ಸವರಿ, ತಟ್ಟೆಗೆ ಸುರಿದರು. “ಲಾಭ. ಎರಡು. ಮೂರು.” ಒಂದು ಚೂರೂ ಹೆಚ್ಚು ಕಡಿಮೆ ಇಲ್ಲ. ನನ್ನ ಕಡೆ ತಿರುಗಿ, “ಆತಲ್ರೀ? ಏನರ ತಪ್ಪದನು?” ಎಂದರು. ಹಾಗೆ ಅವರ ಮುಖ ನನ್ನ ಕಡೆ ಇದ್ದಾಗಲೇ ಅವರ ಬಲಗೈ ಡಬ್ಬಿಗೆ ಇಳಿಯಿತು, ಒಂದು ದೊಡ್ಡ ಮುಷ್ಟಿ ತುಂಬಿಕೊಂಡಿತು, ತಟ್ಟೆಗೆ ಹಾಕಿತು, ಬಂದು ತೊಡೆಯ ಮೇಲೆ ಕೂತಿತು. ಅವರಿಗೆ ಅದರ ಸುದ್ದಿಯೇ ಇರಲಿಲ್ಲ.

ಕೊಸರು! ಅಳೆದು ಮುಗಿದ ಮೇಲೆ ಗಿರಾಕಿಯ ಸಮಾಧಾನಕ್ಕೆ ಮೇಲೆ ಒಂದು ಚಿಟಿಕೆ ಹಾಕುತ್ತಾರಲ್ಲ, ಅದು. ಸಾಹುಕಾರರ ಅಪ್ಪಣೆ ಇದ್ದದ್ದೂ ಚಿಟಿಕೆಗೇ. ಲಾಲಸಾಬರ ಕೈ ಚಿಟಿಕೆಯಿಂದ ಮುಷ್ಟಿಗೆ ಯಾವಾಗ ಬೆಳೆಯಿತೋ ಅವರಿಗೂ ಗೊತ್ತಿಲ್ಲ, ಆ ಮುಷ್ಟಿಯಲ್ಲಿ ಎರಡು ಚಟಾಕು ಹಿಡಿಯುತ್ತಿತ್ತು. ಹೆಂಗಸರು ಕಟ್ಟೆಯ ಮೇಲೆ ಕಾಯುತ್ತಿದ್ದದ್ದು ಏಕೆಂದು ನನಗೆ ಆಗ ಹೊಳೆಯಿತು. ಇದನ್ನು ಹೇಳಿದರೆ ನಾಯಿಯ ಲೆಕ್ಕ ಸರಿಹೋಗುತ್ತದೆ, ಆದರೆ ಸಾಹುಕಾರರಿಗೆ ರಾಶಿಯ ಲೆಕ್ಕ ಸಿಗುತ್ತದೆ. ಹೇಳದಿದ್ದರೆ ನಾಳೆ ಸೇರು ಹೋಗುತ್ತದೆ. ಎರಡೂ ಕಡೆ ಹೋಗುವುದು ಅದೇ ಸೇರು. ಬಾಗಿಲಲ್ಲಿ ಹುಸೇನಬಿ ಚಹಾ ಹಿಡಿದು ನಿಂತಿದ್ದರು. “ಕ್ಯಾ ದೇಖೇಜಿ?” ಎಂದು ಕೇಳಿದರು. ಏನೂ ಕಾಣಲಿಲ್ಲವಮ್ಮಾ ಎಂದು ಬಿಸಿ ಚಹಾ ಗಟಗಟ ಕುಡಿದು ಬಾಯಿ ಸುಟ್ಟುಕೊಂಡು ಓಡಿ ಬಂದೆ.

ಮರುದಿನ ಸಂತೆಯ ಮಂದಿಯೆಲ್ಲ ಅಂಗಡಿಯ ಮುಂದೆ. ಎಲೆಕ್ಷನ್ನಿನ ಎಣಿಕೆಗೂ ಅಷ್ಟು ಜನ ಸೇರಿರಲಿಲ್ಲ. ಕಾಟಾದ ಮೇಲೆ ಚಟಾಕು ಆರಾಮಾಗಿ ಆಕಳಿಸಿತು. ನಲವತ್ತಮೂರೂ ಕಾಲು. ಲಾಲಸಾಬರು ಸೇರನ್ನು ಹೆಗಲ ಮೇಲಿನ ಟವೆಲಿನಿಂದ ಒರೆಸಿ ಗಾದಿಯ ಮುಂದೆ ಇಟ್ಟರು. ಸಾಹುಕಾರರ ಮುಖವೂ ಸಣ್ಣದಾಯಿತು. ನಾನು ಬಾಯಿ ತೆರೆಯಬೇಕೋ ಬೇಡವೋ ಎಂದು ನಿಂತಲ್ಲೇ ಬೆವರುತ್ತಿದ್ದೆ.

ಆಗ ಹಿಂದಿನಿಂದ ಒಂದು ಹೆಣ್ಣು ದನಿ. “ಸಾವ್ಕಾರ್ರೇ, ತಪ್ಪು ನಂದರೀ!”

ಬಜಾರಿಗೆ ಎಂದೂ ಬಾರದ ಹುಸೇನಬಿ ಬುರಖಾ ಹಾಕಿಕೊಂಡು ಗುಂಪಿನ ನಡುವೆ ನಿಂತಿದ್ದರು. “ಸಂಜಿಗಿ ನಾ ಹಾಕ್ತೀನ್ರಿ ನಾಯಿಗಿ. ನಮ್ಮ ದೇವದುರ್ಗದ ಕಡಿ ಲಾಭ ಅಂದ್ರ ಲೆಕ್ಕಕ್ಕಿಲ್ಲ, ಅದು ದೇವರದು. ಆಮ್ಯಾಲ ಒಂದು, ಎರಡು, ಮೂರು. ನಾ ಹಂಗ ಎಣಿಸಿದೆ. ಗೋಪುರಾನೂ ಕಟ್ಟಿದೆ. ನನಗೇನ್ ತಿಳಿತದರೀ?”

ಬಜಾರೆಲ್ಲ ಹೊಟ್ಟೆ ಹಿಡಿದು ನಕ್ಕಿತು. “ಅಳತಿಯವನ ಮನ್ಯಾಗ ಎಣಿಕಿ ಬರಂಗಿಲ್ಲಲೇ!” ಎಂದು ಸಾಹುಕಾರರು ಕಣ್ಣೊರೆಸಿಕೊಂಡು, ಸೇರನ್ನು ತಾವೇ ಎತ್ತಿ ಲಾಲಸಾಬರ ಕೈಗೆ ಕೊಟ್ಟರು. ನಾನೂ ನಂಬಿದೆ. ಗಂಡನದೊಂದು ಮುಷ್ಟಿ, ಹೆಂಡತಿಯದೊಂದು ಲಾಭ, ನಾಯಿ ಉಬ್ಬದೆ ಏನು ಮಾಡೀತು ಎಂದುಕೊಂಡು ನಿಟ್ಟುಸಿರು ಬಿಟ್ಟೆ.

ಅಂದಿನಿಂದ ಮಾನ್ವಿಯಲ್ಲಿ ಒಂದು ಹೊಸ ಮಾತು ಹುಟ್ಟಿತು. ಯಾರ ಕೂಡಿಸುವಿಕೆ ತಪ್ಪಿದರೂ “ಹುಸೇನಬಿ ಲೆಕ್ಕ ಆತು” ಎನ್ನುವುದು. ಕಂಡಕ್ಟರು ಜನ ಎಣಿಸುವಾಗ ತಪ್ಪಿದರೆ ಹುಸೇನಬಿ ಲೆಕ್ಕ, ಮಾಸ್ತರರು ಹಾಜರಿ ಕೂಡಿಸುವಾಗ ತಪ್ಪಿದರೆ ಹುಸೇನಬಿ ಲೆಕ್ಕ. ದವಾಖಾನೆಯಲ್ಲಿ ಔಷಧಿಯ ಬಾಟಲಿ ಕಡಿಮೆ ಬಿದ್ದಾಗ ನಾನೂ ಎಷ್ಟೋ ಸಲ ಅಂದಿದ್ದೇನೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಚಟಾಕು ಮಾತ್ರ ತಿಂಗಳು ತಿಂಗಳು ಇಳಿಯುತ್ತ ಬಂತು. ಒಂದು ದಿನ ಅದು ಓಡಿದ್ದನ್ನು ನೋಡಿ ಹಮಾಲರು ಚಪ್ಪಾಳೆ ಹೊಡೆದರು.

ಎಂಬತ್ತರ ದಶಕದಲ್ಲಿ ನನಗೆ ದೇವದುರ್ಗಕ್ಕೆ ವರ್ಗವಾಯಿತು. ಮೊದಲ ಸಂತೆಯಲ್ಲೇ ಹೋಗಿ ಅಳೆಯುವವರ ಮುಂದೆ ನಿಂತೆ. ಎಲ್ಲರೂ ಲಾಭ, ಎರಡು, ಮೂರು ಎಂದೇ ಎಣಿಸುತ್ತಿದ್ದರು. ಒಬ್ಬ ಮುದುಕರನ್ನು, ನಿಮ್ಮ ಕಡೆ ಲಾಭ ಲೆಕ್ಕಕ್ಕಿಲ್ಲವಂತೆ ಎಂದು ಕೇಳಿದೆ. ಅವರು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, “ಯಾವೂರ್ರೀ ನಿಮ್ಮದು? ಹಂಗ ಅಳದ್ರ ಅಂಗಡಿ ಉಳಿತದೇನ್ರಿ?” ಎಂದರು.

ಮುಂದಿನ ರಜೆಯಲ್ಲಿ ರಾಯಚೂರಿಗೆ ಹೋದಾಗ ಲಾಲಸಾಬರನ್ನು ಹುಡುಕಿಕೊಂಡು ಹೋದೆ. ಕಣ್ಣು ಮಂಜಾಗಿ ಕೆಲಸ ಬಿಟ್ಟು ಅಲ್ಲಿ ಮಗಳ ಮನೆಯಲ್ಲಿದ್ದರು. ಹುಸೇನಬಿ ತೀರಿಕೊಂಡು ಒಂದು ವರ್ಷವಾಗಿತ್ತಂತೆ. ನನಗೆ ಸುದ್ದಿಯೇ ಇರಲಿಲ್ಲ. ದೇವದುರ್ಗದ ಮುದುಕರ ಮಾತನ್ನು ತಡೆದು ತಡೆದು ಹೇಳಿದೆ.

ಲಾಲಸಾಬರು ನಕ್ಕರು. “ಆಕಿ ದೇವದುರ್ಗ ಕಣ್ಣಿಲೆ ಸುದ್ದಾ ನೋಡಿದ್ದಿಲ್ಲರೀ. ಮಾನ್ವಿ ಮಗ್ಗಲ ಚೀಕಲಪರ್ವಿಯಾಕಿ. ಅವತ್ತ ಮನಿಗಿ ಹೋಗಿ ಬಾಯಿಗಿ ಬಂದಂಗ ಬೈದೆ, ಅಳತಿಯವನ ಹೇಣ್ತಿ ಆಗಿ ಎಣಿಸಾಕ ಬರಂಗಿಲ್ಲನು ಅಂತ. ಆಕಿ ಡಬ್ಬಿ ತಂದು ಮುಂದಿಟ್ಟು, ಅಳೀರಿ ಅಂದ್ಲು. ಅಳದೆ. ಲಾಭ, ಎರಡು, ಮೂರು. ತಟ್ಟನ ನನ್ನ ರಟ್ಟಿ ಹಿಡದ್ಲು. ಇದೇನ್ರಿ ಅಂದ್ಲು. ನೋಡ್ತೀನಿ, ನನ್ನ ಮುಷ್ಟಿ ತುಂಬ ರೊಟ್ಟಿ ಚೂರು!”

ಅವರು ತಮ್ಮ ಬಲಗೈಯನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡರು.

“ಆಕಿಗಿ ಮೊದಲ ಗೊತ್ತಿತ್ತರೀ. ಬಜಾರದಾಗ ನಿಜ ಹೇಳಿದ್ರ ನನ್ನ ಸೇರು ಹೋಗ್ತದಂತ ತನ್ನ ಮ್ಯಾಲ ಹಾಕ್ಕೊಂಡ್ಲು. ಅವತ್ತಿಂದ ನಾಯಿ ಮಾಪು ನನ್ನ ಮುಟ್ಟಗೊಡಲಿಲ್ಲ. ಎರಡೂ ಹೊತ್ತು ತಾನ ಹಾಕಿದ್ಲು. ಅದಕ್ಕ ಇಳೀತು ನಾಯಿ.”

“ಮತ್ತೆ ಆಮೇಲಾದರೂ ಯಾರಿಗೂ ಹೇಳಲಿಲ್ಲವೇ?”

“ಹ್ಯಾಂಗ ಹೇಳಲ್ರಿ? ಸೇರು ಕೈಯಾಗಿತ್ತಲ್ಲ.” ಎಂದರು. “ಊರ ಮಂದಿ ಹುಸೇನಬಿ ಲೆಕ್ಕ, ಹುಸೇನಬಿ ಲೆಕ್ಕ ಅಂದ್ರು. ನನ್ನ ಮುಂದ ಅಂದ್ರು. ನಾನೂ ನಕ್ಕೆ. ಆಕಿನೂ ನಕ್ಲು. ಹೋಗೋ ಮುಂದ ಸುದ್ದಾ ಒಂದು ಮಾತು ಎತ್ತಿ ಆಡಲಿಲ್ಲ.” ನಾನು ಎದ್ದಾಗ ಅವರು ನನ್ನ ಅಂಗಿಯ ತೋಳು ಹಿಡಿದುಕೊಂಡರು. “ನೀವು ಬರಿಯಾಕ ಬಲ್ಲವರು. ಎಲ್ಲ್ಯರ ಒಂದು ಕಡಿ ಬರೀರಿ. ನಾ ಇರೂತನ ಬ್ಯಾಡ, ನನಗ ನಾಚಿಕಿ ಆಗತದ. ಆಮ್ಯಾಲ ಬರೀರಿ.”

ಲಾಲಸಾಬರು ಹೋಗಿ ಬಹಳ ವರ್ಷಗಳಾದವು. ನಾನು ಸೋಮಾರಿ, ಇವತ್ತು ನಾಳೆ ಎಂದು ದೂಡುತ್ತ ಬಂದೆ. ಮಾನ್ವಿಯಲ್ಲಿ ಆ ಮಾತು ಇನ್ನೂ ಯಾರ ಬಾಯಲ್ಲಾದರೂ ಉಳಿದಿದ್ದರೆ ಅವರು ದಯವಿಟ್ಟು ಕೇಳಿಸಿಕೊಳ್ಳಬೇಕು: ಹುಸೇನಬಿಗೆ ಎಣಿಸಲು ಬಹಳ ಚೆನ್ನಾಗಿ ಬರುತ್ತಿತ್ತು.