ಚಿಕ್ಕಪ್ಪ ಬರೆದ ಕಿವಿಯ ನಕ್ಷೆ

ಮಗಳು ಬೆರಳುದ್ದದ ಪ್ಲಾಸ್ಟಿಕ್ ಕೊಳವೆಯೊಂದನ್ನು ಮುಂದೆ ಹಿಡಿದು, "ಇದ್ರಾಗೆ ಉಗುಳಮ್ಮ, ನಮ್ಮ ವಂಶದ ಜೀನೆಲ್ಲಾ ಗೊತ್ತಾಗುತ್ತೆ" ಎಂದಳು. ಕಂಡಕಂಡಲ್ಲಿ ಉಗುಳಬಾರದೆಂದು ಅವಳಿಗೆ ಕಲಿಸಿದವಳೇ ನಾನು. ಈಗ ಉಗುಳೆಂದರೆ ಬಾಯಿ ಒಣಗಿಹೋಯಿತು. ನಾಚಿಕೆಯಿಂದಲ್ಲ, ಭಯದಿಂದ.

ಎಂಬತ್ತರ ದಶಕದ ಕೊನೆ ಇರಬೇಕು. ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ಚಿಕ್ಕಪ್ಪ ಆನೆಕೊಂಡದ ನಮ್ಮ ಮನೆಗೆ ಪೇಪರು ಹಿಡಿದೇ ಬಂದರು. ಮನುಷ್ಯನ ವಂಶವಾಹಿಗಳನ್ನೆಲ್ಲ ನಕ್ಷೆ ಮಾಡುವ ಮಾತು ವಿಜ್ಞಾನಿಗಳಲ್ಲಿ ನಡೆದಿದೆಯಂತೆ; ಮಾಡಿದ ಮೇಲೆ ಅದನ್ನು ಯಾರು, ಯಾವುದಕ್ಕೆ ಬಳಸುತ್ತಾರೆಂದು ಜಗಳವೂ ಶುರುವಾಗಿದೆಯಂತೆ. ಅಷ್ಟು ದೂರದ ಜಗಳ ನಮ್ಮ ಪಡಸಾಲೆಗೆ ಬರಲು ಒಂದು ವಾರವೂ ಹಿಡಿಯಲಿಲ್ಲ ನೋಡಿ. ಚಿಕ್ಕಪ್ಪ ನಮ್ಮ ಮನೆತನದ್ದೇ ನಕ್ಷೆ ಬರೆದರು: ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ, ಕಿವಿ ಹೋದವರಿಗೆ ಒಳಗೆಲ್ಲ ಕಪ್ಪು ಶಾಯಿ.

ನಮ್ಮಲ್ಲಿ ಕಿವುಡನ್ನು ಕಾಟನ್ ಮಿಲ್ಲಿನ ತಲೆಗೆ ಕಟ್ಟುವುದು ವಾಡಿಕೆ. ಅಜ್ಜ, ಅಪ್ಪ ಇಬ್ಬರೂ ಮಗ್ಗದ ಸದ್ದಿನಲ್ಲೇ ದುಡಿದವರಲ್ಲವೇ? ಮಿಲ್ಲಿನ ಗೇಟನ್ನೂ ಕಾಣದ ಹದಡಿಯ ಸೋದರತ್ತೆಗೂ ಕೇಳಿಸುತ್ತಿರಲಿಲ್ಲ ಎಂಬುದು ಆ ಕಾಗದ ನೋಡುವವರೆಗೆ ಯಾರಿಗೂ ಹೊಳೆದಿರಲಿಲ್ಲ. ಅಕ್ಕನ ಸೊನ್ನೆ ಅರ್ಧ ಕಪ್ಪಾಗಿತ್ತು. ಕರೆದರೆ ಬಲಗಿವಿ ಮುಂದೆ ಮಾಡುವುದನ್ನು ಅವಳು ಆಗಲೇ ಕಲಿತಿದ್ದಳು. ಮರುದಿನ ಅವಳನ್ನು ನೋಡಲು ಹರಿಹರದಿಂದ ಗಂಡಿನವರು ಬರುವವರಿದ್ದರು.

"ಅವ್ರಿಗೆ ಹೇಳ್ಬಿಡಾನ ಅಣ್ಣ," ಚಿಕ್ಕಪ್ಪ ಅಪ್ಪನ ಕಿವಿಗೆ ಬಗ್ಗಿ ಕೂಗಿದರು.

"ಹೇಳಿದ್ರೆ ಯಾರು ಮಾಡ್ಕೊಂತಾರೋ ನನ್ನ ಮಗಳ್ನ? ಬ್ಯಾಡ!" ಅಪ್ಪ ಕಾಗದ ಕಿತ್ತುಕೊಂಡು ನನ್ನ ಕೈಗೆ ಕೊಟ್ಟರು. "ಬಚ್ಚಲೊಲಿಗೆ ಹಾಕು."

ಹಾಕುವ ಮೊದಲು ನನ್ನ ಸೊನ್ನೆ ಹುಡುಕಿದೆ. ಖಾಲಿ. ಹಿಗ್ಗಿದೆ, ನಿಮ್ಮ ಮುಂದೆ ಮುಚ್ಚಿಡುವುದೇನು. ಹಿಂದೆಯೇ ಬಂದ ಅಕ್ಕ, "ನಂದು ಹೆಂಗೈತೆ?" ಎಂದಳು. "ಖಾಲಿ ಐತೆ" ಎಂದು ಕಾಗದವನ್ನು ಬೆಂಕಿಗೆ ತುರುಕಿದೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ನಾನು ಹೇಳಿದ್ದು ಒಂದೇ.

ಮದುವೆಯಾಯಿತು. ಎರಡನೆಯ ಹೆರಿಗೆಯಾಗುವ ಹೊತ್ತಿಗೆ ಅಕ್ಕನಿಗೆ ಮಗು ಅಳುವುದೂ ಕೇಳದಾಯಿತು. "ಬಾಣಂತಿ ಕಿವಿಗೆ ಹತ್ತಿ ಇಡ್ಲಿಲ್ಲೇನ್ರಿ? ಗಾಳಿ ಹೊಕ್ಕೈತೆ" ಎಂದು ಅವಳ ಅತ್ತೆ ನಮ್ಮ ಅಮ್ಮನ ಮೇಲೆ ಹರಿಹಾಯ್ದರು. ಅಮ್ಮ ದಿನಕ್ಕೆರಡು ಸಲ ಹತ್ತಿ ಬದಲಿಸಿದ್ದನ್ನು ನಾನೇ ಕಂಡಿದ್ದೆ. ಆದರೂ ಅವಳು ಆ ಮಾತನ್ನೇ ನಂಬಿದಳು. "ನನ್ನ ಮಗಳ ಕಿವಿ ನಾನೇ ಕಳ್ದೆ" ಎಂದು ಸಾಯುವವರೆಗೂ ಕೊರಗಿದಳು. ಅಪ್ಪ ಬಾಯಿ ಬಿಡಲಿಲ್ಲ. ಅವಳ ಪಕ್ಕದಲ್ಲೇ ಕೂತಿರುತ್ತಿದ್ದ ನಾನೂ ಬಿಡಲಿಲ್ಲ.

ಕೊಳವೆಯನ್ನು ಬದಿಗಿಟ್ಟು ಮಗಳಿಂದ ಒಂದು ಹಾಳೆ ಇಸಿದುಕೊಂಡೆ. ಎಲ್ಲರಿಗಿಂತ ಮೊದಲು ಅಮ್ಮನ ಸೊನ್ನೆ ಬರೆದೆ. ಅದನ್ನು ಖಾಲಿ ಬಿಟ್ಟೆ. ಅಕ್ಕನದಕ್ಕೆ ಕಪ್ಪು ತುಂಬಿದೆ. ನನ್ನದನ್ನು ಬರೆದು, ಸ್ವಲ್ಪ ತಡೆದು, ಅರ್ಧ ಕಪ್ಪು ಮಾಡಿದೆ. ಅದರ ಕೆಳಗೆ ಮಗಳ ಸೊನ್ನೆ. ಅವಳು ನನ್ನ ಎಡಗಡೆಯಿಂದ ಬಗ್ಗಿ ಅದರ ಮೇಲೆ ಬೆರಳಿಟ್ಟು ಏನೋ ಕೇಳಿದಳು. ತುಟಿ ಅಲ್ಲಾಡಿದ್ದಷ್ಟೇ ಕಂಡಿತು.

"ಬಲಗಡೆ ಬಂದು ಹೇಳವ್ವ" ಎಂದೆ.