ಕಣದಲ್ಲಿ ಭತ್ತ ಇರುವಾಗ

ಹಳಿಯಾಳದಿಂದ ಮುಂಡಗೋಡಕ್ಕೆ ಹೋಗುವ ಬಸ್ಸಿನಲ್ಲೇ ಇದನ್ನು ಬರೆಯುತ್ತಿದ್ದೇನೆ. ಊರು ಮುಟ್ಟಿದ ಮೇಲೆ ಬರೆದರೆ ನೆನಪು ಎಲ್ಲವನ್ನೂ ಓರಣ ಮಾಡಿಬಿಡುತ್ತದೆ.

ಮಳೆಗಾಲ ಹಿಂದೆ ಮುಂದೆ ಆಗುತ್ತಿರುವಾಗ ಮಳೆ ಕರೆಯುವ ಹಾಡುಗಳು ಏನಾಗುತ್ತಿವೆ ಎಂಬುದು ನನ್ನ ಸಂಶೋಧನೆ. ಬೆಳಿಗ್ಗೆ ಒಂದು ಹಳ್ಳಿಯ ಕಣದಲ್ಲಿ ಟೇಪ್ ರೆಕಾರ್ಡರ್ ಇಟ್ಟು, ಹಾಡಿಗೆ ಹೆಸರಾದ ಫಕೀರವ್ವನಿಗೆ ಮಳೆಹಾಡು ಹೇಳಲು ಕೇಳಿದೆ. ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಯಾವ ಆಫೀಸಿನವರ್ರಿ ನೀವು? ಭತ್ತ ಹರವಿಟ್ಟು ಕುಂತೇವಿ, ಮಳಿ ಕರೀರಿ ಅಂತೀರಲ್ಲ! ಹೋದ ವರ್ಷ ಸುಗ್ಗ್ಯಾಗ ಮಳಿ ಹೊಡದು ಎಲ್ಲಾ ಮೊಳಕಿ ಒಡೀತು. ಈ ಸಲಾನೂ ಹೋದ್ರ ನಿಮ್ಮ ಪೆಟಿಗಿ ನಮಗ ಉಣ್ಣಾಕ ಹಾಕತೈತೇನು?"

ಕಣದಲ್ಲಿದ್ದವರೆಲ್ಲ ನಕ್ಕರು. ಆಕೆಯ ಸೊಸೆ ಮಾತ್ರ ನಗಲಿಲ್ಲ; ಮಳೆಹಾಡಿನ ಮಾತೆತ್ತಿದ ಕೂಡಲೇ, ಮಳೆ ಬಂದರೆ ಭತ್ತಕ್ಕೆ ಹೊದಿಸಲು ಮಡಚಿಟ್ಟಿದ್ದ ತಾಡಪತ್ರಿಯ ಮೇಲೆ ಕೈ ಇಟ್ಟಿದ್ದಳು.

ನಾನು ಬಿಡಲಿಲ್ಲ, ಮತ್ತೆ ಮತ್ತೆ ಕೇಳಿದೆ. ಕೊನೆಗೆ ಫಕೀರವ್ವ ಸೊಸೆಯ ಕಿವಿಯಲ್ಲಿ ಏನೋ ಹೇಳಿ, ಗಂಟಲು ಸರಿಮಾಡಿಕೊಂಡು ಹಾಡಿದಳು. ಸೊಸೆ ತಾಡಪತ್ರಿ ಬಿಟ್ಟು ಎದ್ದು, ಕಾಲಿನಿಂದ ಭತ್ತ ಕೆದರುತ್ತ ನಿಶ್ಚಿಂತೆಯಿಂದ ಓಡಾಡಿದಳು. ನನ್ನ ಅನುಮಾನ ಅಲ್ಲಿಂದ ಶುರುವಾಯಿತು.

"ಅವ್ವಾ, ಇದು ಮಳಿಹಾಡ ಹೌದಲ್ರಿ?"

"ಮಳಿ ಬಂತೇನು?"

"ಇಲ್ಲ."

"ಹಂಗಾರ ಚಲೋನ ಆತಲ್ಲ. ಚಾ ಕುಡೀರಿ."

ಕ್ಯಾಸೆಟ್ಟಿನ ಮೇಲೆ ‘ಮಳೆಹಾಡು’ ಎಂದು ಬರೆಯಲು ತೆಗೆದ ಪೆನ್ನಿನಲ್ಲಿ ಇದನ್ನು ಬರೆದಿದ್ದೇನೆ. ಕ್ಯಾಸೆಟ್ಟಿನ ಮೇಲೆ ಇನ್ನೂ ಏನೂ ಬರೆದಿಲ್ಲ. ನಡುನಡುವೆ ಕಿಟಕಿಯಿಂದ ತಲೆ ಹೊರಹಾಕಿ ಮೋಡ ನೋಡುತ್ತಿದ್ದೇನೆ.