ಹಾಜರಿ ಮೇಷ್ಟ್ರ ಒಂದು ತಿದ್ದುಪಡಿ

ನಮ್ಮ ವಿಶ್ವವಿದ್ಯಾಲಯದಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. ಕುಲಪತಿಗಳಿಂದ ಹಿಡಿದು ಗೇಟು ಕಾಯುವವನವರೆಗೆ ಎಲ್ಲರಿಗೂ ಅವರು ಹಾಜರಿ ಮೇಷ್ಟ್ರು. ಕಲಿಸುತ್ತಿದ್ದದ್ದು ಭೂವಿಜ್ಞಾನ. ಕಲ್ಲು ಮಣ್ಣಿನ ಪಾಠ ಮರೆತವರೂ ಅವರ ಹಾಜರಿ ಮರೆಯುತ್ತಿರಲಿಲ್ಲ. ಗಂಟೆ ಹೊಡೆದ ಕೂಡಲೇ ಪುಸ್ತಕ ತೆರೆದು, ಒಬ್ಬೊಬ್ಬರ ಹೆಸರು ಕೂಗಿ, ಮುಖ ನೋಡಿ, ಬಂದವರಿಗೆ ನೀಲಿ ಶಾಯಿಯಲ್ಲಿ ‘ಹಾ’, ಬಾರದವರಿಗೆ ಕೆಂಪು ಶಾಯಿಯಲ್ಲಿ ‘ಗೈ’. ಒಮ್ಮೆ ‘ಗೈ’ ಬಿತ್ತೆಂದರೆ ಮುಗಿಯಿತು, ಕಾಲು ಹಿಡಿದರೂ ತಿದ್ದುವವರಲ್ಲ. ಇಪ್ಪತ್ತೊಂಬತ್ತು ವರ್ಷ ಹೀಗೆ.

ನಾನು ಗಣಿತದವಳು, ಹತ್ತೊಂಬತ್ತು ವರ್ಷ ಅವರ ಪಕ್ಕದ ಮೇಜಿನಲ್ಲಿ ಕೂತವಳು. “ಹೆಂಡತಿ ಊಟಕ್ಕೆ ಕರೆದ್ರೂ ಹಾಜರ್ ಅಂತೀರೇನೋ!” ಎಂದು ಕಾಲೆಳೆದರೆ, “ಅಲ್ಲಿ ಹಾಜರಿ ತಗೊಳೋಳು ಅವಳು, ಲೆಕ್ಕದ ಮೇಡಂ. ನಾನು ದಿನಾ ಲೇಟು” ಎನ್ನುತ್ತಿದ್ದರು.

ಆ ವರ್ಷ ಅನುದಾನಕ್ಕೆ ಕತ್ತರಿ ಬಿತ್ತು. ಪ್ರಯೋಗಾಲಯಕ್ಕೆ ರಾಸಾಯನಿಕ ಬರುವುದು ನಿಂತಿತು. ಗ್ರಂಥಾಲಯ ಮಧ್ಯಾಹ್ನಕ್ಕೇ ಬಾಗಿಲು ಹಾಕತೊಡಗಿತು. ಸೋರುವ ತರಗತಿಗಳಲ್ಲಿ ಬಕೆಟ್ಟು ಇಟ್ಟುಕೊಂಡು ಪಾಠ ಮಾಡಿದೆವು. ಸಹಿಸಿಕೊಳ್ಳುವುದರಲ್ಲಿ ನಮ್ಮದು ಎತ್ತಿದ ಕೈ. ಆಮೇಲೆ ಬಂತು ನೋಡಿ ಸುತ್ತೋಲೆ: ಮುಂದಿನ ಅವಧಿಗೆ ನಲವತ್ತು ಅತಿಥಿ ಉಪನ್ಯಾಸಕರನ್ನು ಮುಂದುವರಿಸುವುದಿಲ್ಲ. ಇದ್ದವರು ನೂರಹತ್ತು ಮಂದಿ. ಅವರಲ್ಲಿ ಯಾವ ನಲವತ್ತು ಎಂದು ಬರೆದಿರಲಿಲ್ಲ. ಅತಿಥಿಗಳಂತೆ! ಹತ್ತು ಹನ್ನೊಂದು ವರ್ಷದಿಂದ ನಮಗಿಂತ ಹೆಚ್ಚು ಪಾಠ ಮಾಡುತ್ತಿದ್ದವರು.

ಅವರಲ್ಲೊಬ್ಬಳು ನಮ್ಮ ಮರಿ ಮೇಡಂ. ಮೇಷ್ಟ್ರ ಹಳೆಯ ವಿದ್ಯಾರ್ಥಿನಿ. ಓದುವಾಗ ಒಂದೇ ಒಂದು ದಿನದ ಹಾಜರಿ ಕಮ್ಮಿಯಾಯಿತೆಂದು ಮೇಷ್ಟ್ರು ಇವಳನ್ನು ಪರೀಕ್ಷೆಗೆ ಕೂರಿಸದೆ ಒಂದು ವರ್ಷ ಹಾಳು ಮಾಡಿದ್ದರು. ಬೇರೆಯವಳಾಗಿದ್ದರೆ ಜನ್ಮವಿಡೀ ಶಪಿಸುತ್ತಿದ್ದಳು. ಇವಳು ಮರುವರ್ಷ ಮೊದಲ ಸ್ಥಾನ ಪಡೆದು, ಅದೇ ವಿಭಾಗಕ್ಕೆ ಪಾಠ ಮಾಡಲು ಬಂದು, ಮೇಷ್ಟ್ರ ಎದುರಿನ ಮೇಜಿನಲ್ಲಿ ಕೂತಳು. ಗಂಡ ಕೆಲಸಕ್ಕಿದ್ದ ಕಾರ್ಖಾನೆ ಮುಚ್ಚಿ ಎರಡು ವರ್ಷವಾಗಿತ್ತು. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಶಾಲೆಗೆ ಹೋಗುವ ಮಗಳು. ಸಂಸಾರ ನಿಂತಿದ್ದದ್ದು ಇವಳೊಬ್ಬಳ ಕೆಲಸದ ಮೇಲೆ.

ಸುತ್ತೋಲೆಯ ವಿರುದ್ಧ ಸಭೆ ಕರೆಯಬೇಕೆಂದು ಎಲ್ಲರೂ ಕೂಗಾಡಿದೆವು. ಸಭೆಗೆ ಕಾರ್ಯದರ್ಶಿ ಯಾರಾಗುತ್ತೀರಿ ಎಂದಾಗ ಮಾತ್ರ ಎಲ್ಲರಿಗೂ ನೆಲ ನೋಡುವ ಕೆಲಸ ಬಂತು. ನಾನೂ ನೋಡಿದೆ, ಸುಳ್ಳೇಕೆ ಹೇಳಲಿ. “ನಾನಾಗ್ತೀನಿ, ಇನ್ನೆರಡು ವರ್ಷಕ್ಕೆ ನಿವೃತ್ತಿ, ನನ್ನದೇನು ಕಿತ್ಕೋತಾರೆ?” ಎಂದು ಮೇಷ್ಟ್ರು ಎದ್ದು ನಿಂತರು. ಎರಡು ವಾರ ಒಂದೊಂದೇ ವಿಭಾಗಕ್ಕೆ ಹೋಗಿ, ಬಾಗಿಲು ತಟ್ಟಿ, ಹೆದರಿದವರಿಗೆ ಧೈರ್ಯ ಹೇಳಿದರು. “ಒಬ್ಬರೇ ಇದ್ರೆ ಕಿತ್ತು ಹಾಕ್ತಾರೆ. ಇನ್ನೂರು ಜನ ಒಟ್ಟಿಗೆ ಕೂತ್ರೆ ಯಾರನ್ನ ಮುಟ್ತಾರೆ?” ಎನ್ನುತ್ತಿದ್ದರು.

ಸಭೆ ಮಧ್ಯಾಹ್ನ ಮೂರು ಗಂಟೆಗೆ, ದೊಡ್ಡ ಉಪನ್ಯಾಸ ಕೊಠಡಿಯಲ್ಲಿ. ನಿಜವಾಗಿಯೂ ಇನ್ನೂರು ಜನ ಬಂದಿದ್ದರು. ಮೇಷ್ಟ್ರು ಮಾಡಿದ ಮೊದಲ ಕೆಲಸ ಯಾವುದು ಹೇಳಿ? ಉದ್ದನೆಯ ಪುಸ್ತಕ ತೆರೆದು ಹಾಜರಿ ಕೂಗಿದರು! ಕಾಯಂ, ಅತಿಥಿ, ಎಲ್ಲರ ಹೆಸರನ್ನೂ ವಿಭಾಗವಾರು ಬರೆದು ತಂದಿದ್ದರು. ತಲೆ ನರೆತ ಪ್ರಾಧ್ಯಾಪಕರೂ ಮಕ್ಕಳ ಹಾಗೆ “ಹಾಜರ್ ಸಾರ್” ಎಂದರು. ನಗುವೋ ನಗು.

ಅವರು ಕೊನೆಗೆ ಗೆರೆ ಎಳೆಯುವಾಗ ಮರಿ ಮೇಡಂ ಏದುಸಿರು ಬಿಡುತ್ತಾ ಬಂದಳು. ಕೈತುಂಬಾ ಸೀಮೆಸುಣ್ಣದ ಪುಡಿ. ಅವಳ ಹೆಸರಿನ ಮುಂದೆ ಆಗಲೇ ಕೆಂಪು ‘ಗೈ’ ಬಿದ್ದಿತ್ತು.

“ಸಾರ್, ಕ್ಲಾಸಿತ್ತು, ಮಕ್ಕಳನ್ನ ಅರ್ಧಕ್ಕೆ ಬಿಟ್ಟು ಬರೋಕಾಗ್ಲಿಲ್ಲ. ಇವತ್ತೊಂದಿನ ಗೈರು ಬೇಡ ಸಾರ್, ದಮ್ಮಯ್ಯ.”

“ಹಾಕಿ ಮೇಷ್ಟ್ರೇ! ಒಂದ್ಸಲ ವರ್ಷ ಹಾಳು ಮಾಡಿದ್ದು ಸಾಲ್ದಾ?” ಎಂದು ಹಿಂದಿನಿಂದ ಕೂಗಿದವಳು ನಾನೇ. ಕೊಠಡಿಯೆಲ್ಲ ಚಪ್ಪಾಳೆ ತಟ್ಟಿತು. ಮೇಷ್ಟ್ರು ಅವಳ ಮುಖವನ್ನೇ ನೋಡಿದರು. ಆಮೇಲೆ ಕೆಂಪು ಅಕ್ಷರದ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ‘ಹಾ’ ಬರೆದು, ತಿದ್ದಿದ ಜಾಗಕ್ಕೆ ಕಿರುಸಹಿ ಹಾಕಿದರು. ಮರಿ ಮೇಡಂ ಕಣ್ಣೊರೆಸಿಕೊಂಡು ನಕ್ಕಳು. ನಾನೂ ಅತ್ತುಬಿಟ್ಟೆ.

ವಾರ ಕಳೆಯಿತು. ಸಭೆಗೆ ಇಪ್ಪತ್ತು ಜನರೂ ಬಂದಿರಲಿಲ್ಲ ಎಂದು ಕುಲಸಚಿವರು ಆಡಳಿತ ಮಂಡಳಿಯ ಮುಂದೆ ಹೇಳಿದರಂತೆ. ಮೇಷ್ಟ್ರಿಗೆ ಮುಖಕ್ಕೆ ಹೊಡೆದ ಹಾಗಾಯಿತು. ತಮ್ಮನ್ನು ಬೈದರೆ ತಡೆದುಕೊಳ್ಳುತ್ತಿದ್ದರು. ಹಾಜರಿ ಸುಳ್ಳು ಎಂದರೆ ಹೇಗೆ? ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಜೆರಾಕ್ಸ್ ಅಂಗಡಿಗೆ ಹೊರಟರು. ನಾನೂ ಜೊತೆಗೆ ಹೋದೆ. ಪುಟಗಳನ್ನು ಜೋಡಿಸಿ, ಪಿನ್ನು ಹೊಡೆದು, “ಮುಖದ ಮೇಲೆ ಬಿಸಾಕಿ ಬನ್ನಿ!” ಎಂದೆ. ಮೇಷ್ಟ್ರು ಅವತ್ತೇ ಅದನ್ನು ಕುಲಸಚಿವರ ಮೇಜಿನ ಮೇಲಿಟ್ಟು ಬಂದರು. ಇಷ್ಟು ಓದಿದ ನಮ್ಮಿಬ್ಬರ ತಲೆಯಲ್ಲಿ ಮಣ್ಣು ತುಂಬಿತ್ತೋ ಏನೋ. ಸಾಕ್ಷಿ ಕೊಟ್ಟರೆ ಗೆದ್ದೆವು ಎಂದುಕೊಂಡೆವು. ಜೀವನವಿಡೀ ನಾವು ಮಕ್ಕಳಿಗೆ ಹೇಳಿಕೊಟ್ಟದ್ದೂ ಅದನ್ನೇ ತಾನೆ.

ಅದಾಗಿ ಹತ್ತನೆಯ ದಿನ ಸೂಚನಾ ಫಲಕದಲ್ಲಿ ನಲವತ್ತು ಹೆಸರು ಬಿದ್ದವು. ಮೇಷ್ಟ್ರು ಪುಸ್ತಕ ಹಿಡಿದು ಒಂದೊಂದನ್ನೇ ತಾಳೆ ನೋಡಿದರು. ನಲವತ್ತಕ್ಕೆ ನಲವತ್ತೂ ‘ಹಾ’. ‘ಗೈ’ ಇದ್ದ ಒಬ್ಬರನ್ನೂ ತೆಗೆದಿರಲಿಲ್ಲ. ಸಭೆಯಲ್ಲಿ ಗಂಟಲು ಹರಿಯುವ ಹಾಗೆ ಕಿರುಚಿದ ನಮ್ಮಂಥ ಕಾಯಂ ಮಂದಿಯ ಕೂದಲೂ ಕೊಂಕಲಿಲ್ಲ. ಮೂವತ್ತೊಂದನೆಯ ಹೆಸರು ಮರಿ ಮೇಡಂದು.

ಮೇಷ್ಟ್ರು ಸೀದಾ ಕುಲಸಚಿವರ ಕೊಠಡಿಗೆ ನುಗ್ಗಿದರು. ನಾನು ಹಿಂದೆಯೇ ಓಡಿದೆ. ಮೇಷ್ಟ್ರು ಯಾರ ಮುಂದೆಯೂ ಕೈ ಮುಗಿದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

“ಸಾರ್, ಆ ಹುಡುಗಿ ಸಭೆಗೆ ಬಂದಿರಲಿಲ್ಲ. ನಾನು ತಪ್ಪು ಬರೆದೆ. ನೋಡಿ, ಮೊದಲು ಗೈರು ಅಂತಲೇ ಇದೆ.”

ಕುಲಸಚಿವರು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಬೈಯಲಿಲ್ಲ, ದನಿ ಏರಿಸಲಿಲ್ಲ.

“ತಿದ್ದಿ ನೀವೇ ಸಹಿ ಹಾಕಿದ್ದೀರಲ್ಲ ಮೇಷ್ಟ್ರೇ. ನಾನೂ ನಿಮ್ಮ ಕ್ಲಾಸಲ್ಲಿ ಕೂತವನೇ. ನಿಮ್ಮ ಹಾಜರಿ ತಪ್ಪು ಅಂದ್ರೆ ಯಾರು ನಂಬ್ತಾರೆ ಹೇಳಿ?”

ವಾಪಸು ಬಂದಾಗ ಮರಿ ಮೇಡಂ ಮೇಜಿನ ಖಾನೆ ಖಾಲಿ ಮಾಡುತ್ತಿದ್ದಳು. ಅವಳೇ, “ಬಿಡಿ ಸಾರ್, ನಾನೇ ಕೇಳಿ ಹಾಕಿಸ್ಕೊಂಡಿದ್ದಲ್ವಾ” ಎಂದಳು. ನನ್ನನ್ನು ನೋಡಿ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಮರುದಿನ ನಾನು ಅವರ ತರಗತಿಯ ಬಾಗಿಲು ದಾಟಿ ಹೋಗುತ್ತಿದ್ದೆ. ಗಂಟೆ ಹೊಡೆದಿತ್ತು. ಅರ್ಧ ಬೆಂಚುಗಳು ಖಾಲಿ. ಮೇಷ್ಟ್ರು ಪುಸ್ತಕ ತೆರೆದರು, ನೀಲಿ ಪೆನ್ನಿನ ಮುಚ್ಚಳ ಬಿಚ್ಚಿದರು, ಮತ್ತೆ ಹಾಕಿದರು.

“ಹಾಜರಿ ಇಲ್ವಾ ಸಾರ್?” ಎಂದಿತು ಮುಂದಿನ ಸಾಲಿನ ಹುಡುಗಿ.

“ಬೇಡಮ್ಮ,” ಎಂದರು ಮೇಷ್ಟ್ರು. “ನೀನು ಬಂದಿದ್ದೀಯ ಅಂತ ಯಾರಿಗೂ ಹೇಳಬೇಡ.”